ಇಸಿಎಚ್‌ಎಸ್: ಇಷ್ಟು ವರ್ಷ ಬಳಸಿದ ಮೇಲೆ ಒಬ್ಬ ಮಾಜಿ ಸೈನಿಕನ ಮಾತು

ಇಸಿಎಚ್‌ಎಸ್ ಅಂದರೆ ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಇರುವ ಸರ್ಕಾರದ ಆರೋಗ್ಯ ಯೋಜನೆ. ಇದಕ್ಕೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಆಸ್ಪತ್ರೆಗೆ ಸೇರುವ ಹೊತ್ತು ಬಂದರೆ ಪೂರ್ತಿ ಐದು. ತಿಂಗಳ ಔಷಧಿ ತರೋದಕ್ಕೆ ಎರಡು.

ನಾನು ಹವಾಲ್ದಾರ್ ಆಗಿ ಪಿಂಚಣಿಗೆ ಬಂದವನು. 2003ರ ಏಪ್ರಿಲ್ 1ಕ್ಕೆ ಇಸಿಎಚ್‌ಎಸ್ ಶುರುವಾಯಿತು. ಅಲ್ಲಿಂದ ಮುಂದೆ ಪಿಂಚಣಿಗೆ ಬರುವವರಿಗೆಲ್ಲ ಇದು ಕಡ್ಡಾಯ, ಹಾಗಾಗಿ ನನಗೂ ಬಂತು. ಒಮ್ಮೆ ದುಡ್ಡು ಕಟ್ಟಿದರೆ ಆಯಿತು, ಗಂಡ ಹೆಂಡತಿ ಇಬ್ಬರಿಗೂ ಜೀವನಪೂರ್ತಿ ಚಿಕಿತ್ಸೆ. ಪ್ರತಿ ವರ್ಷ ಪ್ರೀಮಿಯಂ ಇಲ್ಲ. ಹಳೆ ಕಾಯಿಲೆ ಇದೆ ಅಂತ ಹೊರಗಿಡೋದಿಲ್ಲ. 2017ರ ಕೊನೆಯಲ್ಲಿ ಹೊರಟ ಆದೇಶದ ಪ್ರಕಾರ ಹವಾಲ್ದಾರ್‌ವರೆಗಿನವರಿಗೆ 30,000, ಜೆಸಿಒಗಳಿಗೆ (ಸುಬೇದಾರ್ ದರ್ಜೆಯವರಿಗೆ) 67,000, ಆಫೀಸರ್‌ಗಳಿಗೆ 1,20,000 ರೂಪಾಯಿ. ಯಾವ ಖಾಸಗಿ ವಿಮೆ ಈ ದರಕ್ಕೆ ಸಿಗುತ್ತೆ ಹೇಳಿ?

ಇದಕ್ಕಿಂತ ಮುಂಚೆ ಹೇಗಿತ್ತು ಅನ್ನೋದು ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಸೀನಿಯರ್‌ಗಳಿಗೆ ತಿಂಗಳಿಗೆ 100 ರೂಪಾಯಿ ಮೆಡಿಕಲ್ ಭತ್ಯೆ ಬರುತ್ತಿತ್ತು. ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿನ ಕಮಾಂಡ್ ಹಾಸ್ಪಿಟಲ್‌ಗೋ ಬೆಳಗಾವಿಯ ಮಿಲಿಟರಿ ಹಾಸ್ಪಿಟಲ್‌ಗೋ ಹೋಗಬೇಕಿತ್ತು. ಅಲ್ಲಿ ಸರ್ವಿಸ್‌ನಲ್ಲಿರುವವರಿಗೆ ಮೊದಲ ಜಾಗ, ಅದು ನ್ಯಾಯವೇ. ಮನೆ ಮನೆಯಲ್ಲೂ ಫೌಜಿಗಳಿರುವ ಕೊಡಗಿನ ಜನರೂ ಮೈಸೂರು, ಬೆಂಗಳೂರಿನ ಬಸ್ ಹತ್ತಬೇಕಿತ್ತು. ಈಗ ಮಡಿಕೇರಿಯಲ್ಲೂ ವಿರಾಜಪೇಟೆಯಲ್ಲೂ ಪಾಲಿಕ್ಲಿನಿಕ್, ಅಂದರೆ ಇಸಿಎಚ್‌ಎಸ್‌ನದೇ ದವಾಖಾನೆ ಇದೆ. ದೇಶದಲ್ಲಿ ಒಟ್ಟು 400ಕ್ಕೂ ಹೆಚ್ಚು ಪಾಲಿಕ್ಲಿನಿಕ್, 50 ಲಕ್ಷಕ್ಕೂ ಜಾಸ್ತಿ ಫಲಾನುಭವಿಗಳು. ಸೈನ್ಯ ತಾನೇ ಹೊಸ ಆಸ್ಪತ್ರೆ ಕಟ್ಟುತ್ತಾ ಕೂರಲಿಲ್ಲ. ಸಣ್ಣ ಪಾಲಿಕ್ಲಿನಿಕ್ ತೆರೆದು, ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಈ ಯೋಜನೆಯ ಜೀವಾಳ ಅದೇ.

ಅದರ ಬೆಲೆ ನನಗೆ ತಿಳಿದದ್ದು ನಮ್ಮ ಮನೆಯವರಿಗೆ ಎದೆನೋವು ಬಂದ ದಿನ. ಸೀದಾ ಒಪ್ಪಂದದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎಮರ್ಜೆನ್ಸಿಗೆ ಮೊದಲೇ ರೆಫರಲ್, ಅಂದರೆ ದೊಡ್ಡ ಆಸ್ಪತ್ರೆಗೆ ಕಳಿಸುವ ಪಾಲಿಕ್ಲಿನಿಕ್‌ನ ಚೀಟಿ ಬೇಕಿಲ್ಲ. ಕಾರ್ಡ್ ಕೊಟ್ಟೆ, ಪಾಲಿಕ್ಲಿನಿಕ್‌ಗೆ ತಿಳಿಸುವ ಕೆಲಸ ಆಸ್ಪತ್ರೆಯವರೇ ಮಾಡಿದರು. ಸ್ಟೆಂಟ್ ಹಾಕಿ ಮನೆಗೆ ಕಳಿಸಿದರು. ಪಕ್ಕದ ಬೆಡ್ಡಿನವರ ಮಗ ಕಾರಿಡಾರ್‌ನಲ್ಲಿ ನಿಂತು ಯಾರು ಯಾರಿಗೋ ಫೋನ್ ಮಾಡಿ ದುಡ್ಡು ಕೇಳುತ್ತಿದ್ದ. ನನ್ನ ಮಗ ಆ ಹೊತ್ತಿನಲ್ಲಿ ತಾಯಿಯ ಪಕ್ಕ ಕೂತಿದ್ದ. ಇದಕ್ಕೆ ನಾನು ಸಾಯೋವರೆಗೂ ಋಣಿ.

ಇನ್ನು ತಿಂಗಳ ಔಷಧಿ. ನನ್ನ ಹೆಂಡತಿಗೆ ಶುಗರ್ ಕೂಡ ಇದೆ. ಇನ್ಸುಲಿನ್ ತರೋದಕ್ಕೆ ಮನೆಯಿಂದ ಐಸ್ ತುಂಬಿದ ಫ್ಲಾಸ್ಕ್ ಹಿಡಿದು ಹೊರಡಬೇಕು. ಪಾಲಿಕ್ಲಿನಿಕ್‌ನಲ್ಲಿ ಕಾರ್ಡ್ ಹಾಕಿ ಟೋಕನ್ ತಗೊಂಡು, ಡಾಕ್ಟರ್ ನೋಡಿ ಬರೆದುಕೊಟ್ಟು, ಕೊನೆಗೆ ಔಷಧಿ ಕಿಟಕಿ. ಫಾರ್ಮಸಿಸ್ಟ್ ಚೀಟಿಯ ಮೇಲೆ ಟಿಕ್ ಹಾಕುತ್ತಾ ಬರುತ್ತಾರೆ. ಒಂದೆರಡು ಸಾಲಿನ ಮುಂದೆ ಪೆನ್ನು ನಿಂತು ‘ಎನ್‌ಎ’ ಅಂತ ಬರೆಯುತ್ತೆ. ಅಂದರೆ ಸ್ಟಾಕ್ ಇಲ್ಲ. ಆಗ ಗೊತ್ತುಮಾಡಿದ ಮೆಡಿಕಲ್ ಶಾಪಿನಿಂದ ತರಿಸಿಕೊಡುವವರೆಗೆ ಕಾಯಬೇಕು, ಇಲ್ಲವೇ ಕೈಯಿಂದ ದುಡ್ಡು ಹಾಕಿ ಕೊಂಡು ಬಿಲ್ ಸಲ್ಲಿಸಬೇಕು. ಆ ಬಿಲ್ಲಿನ ದುಡ್ಡು ತಿಂಗಳುಗಟ್ಟಲೆ ಬರೋದಿಲ್ಲ. ನನ್ನಂಥವನು ಹೇಗೋ ಕೊಳ್ಳುತ್ತೇನೆ. ಫ್ಯಾಮಿಲಿ ಪೆನ್ಷನ್ ಒಂದನ್ನೇ ನಂಬಿದ ತಾಯಂದಿರು ಆ ಗುಳಿಗೆ ಬಿಟ್ಟು ಉಳಿದದ್ದನ್ನಷ್ಟೇ ನುಂಗುತ್ತಾರೆ. ಇದನ್ನು ಕಣ್ಣಾರೆ ನೋಡಿದ್ದೇನೆ. ಬಿಪಿ, ಶುಗರ್ ಗುಳಿಗೆ ತಪ್ಪಿದರೆ ಮುಂದೆ ಅದೇ ದೊಡ್ಡ ಆಸ್ಪತ್ರೆಯ ಬಿಲ್ ಆಗುತ್ತೆ, ಅದನ್ನೂ ಸರ್ಕಾರವೇ ಕಟ್ಟಬೇಕು ಅಲ್ವಾ?

ಬದಲಾವಣೆ ಆಗಿಲ್ಲ ಅಂತ ಸುಮ್ನೆ ದೂರುವುದಿಲ್ಲ. ತುಂಬಾ ಆಗಿದೆ. ಹಿಂದೆ ರೆಫರಲ್ ಕಾಗದಕ್ಕೆ ಸಹಿ, ಗುಂಡಗಿನ ಸೀಲು, ಅದರ ಜೆರಾಕ್ಸ್ ಅಂತ ಅರ್ಧ ದಿನ ಹೋಗುತ್ತಿತ್ತು. ಈಗ ರೆಫರಲ್ ಆನ್‌ಲೈನ್‌ನಲ್ಲೇ ಆಸ್ಪತ್ರೆಗೆ ಕಾಣುತ್ತೆ. ಆಸ್ಪತ್ರೆ ಬಿಲ್‌ಗಳ ಪರಿಶೀಲನೆ 2012ರಿಂದ ಆನ್‌ಲೈನ್ ಆಗತೊಡಗಿತು. ಕೊರೊನಾ ಸಮಯದಲ್ಲಿ, 2021ರ ಮೇನಲ್ಲಿ, ‘ಸೆಹತ್ ಓಪಿಡಿ’ ಬಂತು. ಮನೆಯಲ್ಲೇ ಕೂತು ಫೌಜಿ ಡಾಕ್ಟರ್ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ಆದರೆ ನಮಗೆ ಹಿಂದಿ ಬರುತ್ತೆ, ಅರ್ಜಿಯ ಇಂಗ್ಲಿಷನ್ನೂ ಹೇಗೋ ಓದಿಕೊಳ್ಳುತ್ತೇವೆ. ಹಳ್ಳಿಯಲ್ಲಿ ಒಬ್ಬರೇ ಇರುವ ವೀರನಾರಿಗೆ (ಹುತಾತ್ಮ ಸೈನಿಕನ ಹೆಂಡತಿಗೆ) ಕನ್ನಡ ಬಿಟ್ಟರೆ ಬೇರೆ ಬಾರದು. ಜಿಲ್ಲೆಗಳ ಪಾಲಿಕ್ಲಿನಿಕ್‌ಗಳಲ್ಲಿ ಕನ್ನಡದ ಒಂದು ಹೆಲ್ಪ್ ಡೆಸ್ಕ್ ಇಟ್ಟರೆ ಇದಕ್ಕೆ ದೊಡ್ಡ ಖರ್ಚೇನೂ ಆಗದು.

ಒಪ್ಪಂದದ ಆಸ್ಪತ್ರೆಗಳ ವಿಷಯದಲ್ಲೂ ಎಚ್ಚರ ಇರಲಿ. ಸರ್ಕಾರದ ದರ ಕಡಿಮೆ, ಬಿಲ್ ತಡ ಅಂತ ಕೆಲವು ಆಸ್ಪತ್ರೆಗಳು ಮಧ್ಯದಲ್ಲಿ ಬಿಟ್ಟುಹೋಗುತ್ತವೆ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2015ರಲ್ಲಿ ಈ ಯೋಜನೆಯ ಮೇಲೆ ಪ್ರತ್ಯೇಕ ವರದಿಯನ್ನೇ ಕೊಟ್ಟಿತ್ತು. ನಮ್ಮ ಹತ್ತಿರದ ಒಂದು ಆಸ್ಪತ್ರೆಯಲ್ಲಿ ‘ಇಸಿಎಚ್‌ಎಸ್ ಬೆಡ್ ಖಾಲಿ ಇಲ್ಲ’ ಅಂತ ವಾಪಸ್ ಕಳಿಸಿದ್ದರು. ಪಾಲಿಕ್ಲಿನಿಕ್‌ನ ಉಸ್ತುವಾರಿ ಅಧಿಕಾರಿ ಓಐಸಿ ಸಾಹೇಬರಿಗೆ ಫೋನ್ ಮಾಡಿದ ಮೇಲೆ ಬೆಡ್ ಸಿಕ್ಕಿತು. ಆ ನಂಬರ್ ನಿಮ್ಮ ಫೋನ್‌ನಲ್ಲೂ, ಮನೆಯವರ ಫೋನ್‌ನಲ್ಲೂ ಇರಲಿ.

ಈಗ ಪಿಂಚಣಿಗೆ ಬರುತ್ತಿರುವ ತಮ್ಮಂದಿರಿಗೆ ಎರಡು ಮಾತು. ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಪಿಪಿಒದಲ್ಲೂ (ಪಿಂಚಣಿ ಆದೇಶ ಪತ್ರ) ಆಧಾರ್‌ನಲ್ಲೂ ಒಂದೇ ರೀತಿ ಇದೆಯಾ ನೋಡಿಕೊಳ್ಳಿ. ವ್ಯತ್ಯಾಸ ಇದ್ದರೆ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಈಗಲೇ ಬರೆಯಿರಿ, ಇಲ್ಲದಿದ್ದರೆ ಅವರ ಕಾರ್ಡ್ ಅಲ್ಲೇ ನಿಂತುಹೋಗುತ್ತೆ. ಒಪ್ಪಂದ ಇಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಬೇಕಾಗಿ ಬಂದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ, ಡಿಸ್ಚಾರ್ಜ್ ಸಮರಿಯಿಂದ ಹಿಡಿದು ಎಲ್ಲ ಮೂಲ ಬಿಲ್‌ಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ.