ಚೆಂಡು ಹೂ, ತುಳಸಿ, ನಿಂಬೆ ಹುಲ್ಲು: ಯಾವ ಕಾಟಕ್ಕೆ ಯಾವುದು?

ಘಮ ಇರುವ ಗಿಡ ನೆಟ್ಟರೆ ಹುಳ ಹತ್ತಿರ ಬರಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ತರಕಾರಿ ಮಡಿಗಳಲ್ಲಿ ಈ ಮೂರನ್ನೂ ಬೆಳೆಸಿ ನೋಡಿದೆ. ಮೂರೂ ಉಪಯೋಗಕ್ಕೆ ಬಂದವು, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ನನ್ನ ಮಟ್ಟಿಗೆ ಚೆಂಡು ಹೂವೇ ಮೇಲು, ಅದೂ ಅದರ ಬೇರಿನಿಂದಾಗಿ. ಬೇರಿನಲ್ಲಿ ಆಲ್ಫಾ ಟರ್ಥಿಯೆನೈಲ್ ಎಂಬ ವಸ್ತು ಇರುತ್ತದೆ. ಮಣ್ಣಿನ ಜಂತುಹುಳಕ್ಕೆ (ನೆಮಟೋಡ್, ಬೇರಿಗೆ ಹತ್ತುವ ತೀರಾ ಸಣ್ಣ ಹುಳ) ಅದು ವಿಷ ಅಂತ ನೆದರ್‌ಲೆಂಡ್ಸ್‌ನ ವಿಜ್ಞಾನಿಗಳು 1958ರಲ್ಲೇ ತೋರಿಸಿದ್ದರು. ನೀರು ಸಾಕಷ್ಟಿದ್ದರೂ ಟೊಮೆಟೊ ಮಧ್ಯಾಹ್ನ ಬಾಡುತ್ತಿದ್ದರೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಮಣಿ ಪೋಣಿಸಿದ ಹಾಗೆ ಬೇರು ಅಲ್ಲಲ್ಲಿ ಊದಿಕೊಂಡಿದ್ದರೆ ಅದು ಬೇರುಗಂಟು ಹುಳ ಎಂಬ ಜಂತುಹುಳದ ಕಾಟ. ಅಲಸಂದೆ ಬೇರಿನಲ್ಲೂ ಗಂಟು ಇರುತ್ತದೆ, ಆದರೆ ಅದು ಸಾರಜನಕ ಕೊಡುವ ಒಳ್ಳೆಯ ಗಂಟು, ಉಗುರು ತಾಗಿಸಿದರೆ ಕಳಚಿ ಬೀಳುತ್ತದೆ. ಟೊಮೆಟೊದ್ದು ಬೀಳುವುದಿಲ್ಲ, ಬೇರೇ ದಪ್ಪ ಆಗಿರುತ್ತದೆ.

ಇಂಥ ಮಡಿಯ ಅಂಚಿಗೆ ಸುಮ್ನೆ ನಾಲ್ಕು ಚೆಂಡು ಹೂ ನೆಟ್ಟರೆ ಏನೂ ಆಗುವುದಿಲ್ಲ. ಇಡೀ ಮಡಿಗೆ ಒತ್ತಾಗಿ ಹಾಕಿ, ಕನಿಷ್ಠ 2 ತಿಂಗಳು ಬೆಳೆಯಲು ಬಿಟ್ಟು, ಆಮೇಲೆ ತರಕಾರಿ ಹಾಕಬೇಕು. ಹಾಗೆ ಮಾಡಿದ ಮಡಿಯ ಟೊಮೆಟೊ ಬೇರನ್ನು ಪಕ್ಕದ ಮಡಿಯದರ ಜೊತೆ ಇಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೇ ಕಾಣಿಸಿತು. ಜೀವ ಇರುವ ಬೇರಿಗೆ ಹುಳ ಬಂದು ತಾಗಿದಾಗಲೇ ಅದಕ್ಕೆ ಏಟು ಬೀಳುವುದು. ಸೊಪ್ಪು ಅರೆದು ಮಣ್ಣಿಗೆ ಸುರಿದರೆ ಅಷ್ಟು ಫಲ ಸಿಗುವುದಿಲ್ಲ. ನಡುವೆ ಕಳೆಯನ್ನೂ ಬಿಡಬೇಡಿ, ಹುಳ ಅದರ ಬೇರು ಸೇರಿಕೊಂಡು ಬದುಕಿಬಿಡುತ್ತದೆ.

ನೆಲದ ಮೇಲೆ ಚೆಂಡು ಹೂವಿನ ಕೆಲಸವೇ ಬೇರೆ. ಕಾಯಿಕೊರಕದ ಪತಂಗವನ್ನು ಅದು ಓಡಿಸುವುದಿಲ್ಲ, ತನ್ನ ಕಡೆ ಕರೆಯುತ್ತದೆ. ಟೊಮೆಟೊದ 16 ಸಾಲಿಗೆ 1 ಸಾಲು ಚೆಂಡು ಹೂ ಹಾಕುವುದು ಇದಕ್ಕೇ. ಮೊಟ್ಟೆ ಇಟ್ಟ ಮೊಗ್ಗುಗಳನ್ನು ಕಿತ್ತು ತೆಗೆಯಲು ಪುರುಸೊತ್ತು ಇಲ್ಲದಿದ್ದರೆ ಈ ಸಾಲು ಹಾಕಲೇಬೇಡಿ. ಬಿಸಿಲು ಜಾಸ್ತಿ ಆದಾಗ ಕೆಂಪು ನುಸಿಯೂ ಮೊದಲು ಇದಕ್ಕೇ ಹತ್ತುತ್ತದೆ.

ತುಳಸಿ ನನಗೆ ಹಿಡಿಸಿದ್ದು ಹಣ್ಣುನೊಣದ ವಿಷಯದಲ್ಲಿ. ಎಲೆಯಲ್ಲಿ ಮೀಥೈಲ್ ಯೂಜಿನಾಲ್ ಇದೆ. ಒಂದು ಹಿಡಿ ಎಲೆ ಜಜ್ಜಿ ಸೀಬೆ ಗಿಡದ ಕೆಳಗೆ ಇಟ್ಟರೆ ಗಂಡು ನೊಣಗಳು ಹುಡುಕಿಕೊಂಡು ಬರುತ್ತವೆ. ಆದರೆ ಹೀರೆ, ಹಾಗಲಕ್ಕೆ ಬರುವ ನೊಣದ ಜಾತಿ ಬೇರೆ. ಅದು ಈ ವಾಸನೆಗೆ ತಿರುಗಿಯೂ ನೋಡುವುದಿಲ್ಲ, ಅದನ್ನು ಸೆಳೆಯಲು ಕ್ಯೂ ಲ್ಯೂರ್ ಎಂಬ ಬೇರೆ ಆಕರ್ಷಕ ಬೇಕು. ಇನ್ನು ಹಣ್ಣಿನೊಳಗೆ ಮೊಟ್ಟೆ ಇಡುವುದು ಹೆಣ್ಣು ನೊಣ. ಹಾಗಾಗಿ ತುಳಸಿ ಇಟ್ಟರೂ ಉದುರಿದ ಹಣ್ಣನ್ನು ಆರಿಸಿ ಹೂಳಲೇಬೇಕು.

ನಿಂಬೆ ಹುಲ್ಲು ಕೊನೆಗೆ. ಅದರ ಎಣ್ಣೆಯಲ್ಲಿ ನಿಂಬೆಯ ಘಮ ಕೊಡುವ ಸಿಟ್ರಾಲ್ ಹೇರಳ, ಆದರೆ ಗರಿ ಮುರಿಯದೆ ಆ ಘಮ ಹೆಚ್ಚು ಹೊರಗೆ ಬರುವುದಿಲ್ಲ. ಎಣ್ಣೆಯನ್ನು ನೀರಿಗೆ ಬೆರೆಸಿ ಸಿಂಪಡಿಸಿದರೆ ಬೇಗ ಆವಿಯಾಗಿಬಿಡುತ್ತದೆ, ಸ್ವಲ್ಪ ಗಟ್ಟಿಯಾದರೆ ಎಳೆ ಎಲೆ ಸುಡುತ್ತದೆ. ಈಗ ಅದನ್ನು ಇಳಿಜಾರಿನ ಬದುವಿಗೆ ಹಾಕಿದ್ದೇನೆ. ಮಣ್ಣು ಕೊಚ್ಚಿ ಹೋಗದಂತೆ ಚೆನ್ನಾಗಿ ಹಿಡಿದಿದೆ, ಕೊಯ್ದ ಗರಿ ಮಡಿಗೆ ಮುಚ್ಚಿಗೆ ಆಗುತ್ತದೆ.