ದಡದಿಂದ ಬರುವ ದನಿ: ಮೂರು ಜಲಸಂಧಿ, ಮೂರು ಬಗೆಯ ಕಾವಲು

ಡೋವರ್, ಸಿಂಗಾಪುರ, ಇಸ್ತಾಂಬುಲ್. ಮೊದಲು ಥರ್ಡ್ ಆಫೀಸರ್ ಆಗಿ, ಆಮೇಲೆ ಸೆಕೆಂಡ್ ಆಫೀಸರ್ ಆಗಿ ನಾನು ಈ ಮೂರೂ ಜಲಸಂಧಿಗಳನ್ನು ಹಲವು ಸಲ ದಾಟಿದ್ದೇನೆ. ಮೂರರಲ್ಲೂ ದಡದ ಮೇಲೆ ಸರ್ಕಾರದ ಕಣ್ಣಿದೆ. ರೇಡಾರ್ ಇದೆ, ರೇಡಿಯೋ ಇದೆ, ಹಗಲೂ ರಾತ್ರಿ ಪರದೆ ಮುಂದೆ ಕೂತ ಆಪರೇಟರ್ ಇದ್ದಾರೆ. ಆದರೆ ಕಾಯುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಯಾವುದು ಒಳ್ಳೆಯದು ಅಂತ ಹಡಗಿಗೆ ಹೊಸದಾಗಿ ಬಂದ ಹುಡುಗರು ಕೇಳುತ್ತಿರುತ್ತಾರೆ. ಬ್ರಿಡ್ಜ್, ಅಂದರೆ ಹಡಗು ನಡೆಸುವ ಕೋಣೆಯಲ್ಲಿ ನಿಂತು ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಮೊದಲು ಒಂದು ವಿಷಯ. ಹಡಗು ಸಂಚಾರದ ಈ ಕಾವಲಿಗೆ ವೆಸೆಲ್ ಟ್ರಾಫಿಕ್ ಸರ್ವಿಸ್ ಅನ್ನುತ್ತಾರೆ, ಚಿಕ್ಕದಾಗಿ ವಿಟಿಎಸ್. ಸಂಚಾರ ಎಲ್ಲಿ ಜಾಸ್ತಿ, ಅಪಾಯ ಎಲ್ಲಿ ಜಾಸ್ತಿ, ಅಲ್ಲಿ ಇದನ್ನು ನಡೆಸುವುದು ಸರ್ಕಾರದ ಕೆಲಸ ಅಂತ ಸೋಲಾಸ್ ಅನ್ನುವ, ಕಡಲಿನಲ್ಲಿ ಜೀವ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಐದನೇ ಅಧ್ಯಾಯ ಹೇಳುತ್ತದೆ. ವಿಟಿಎಸ್ ಬಳಕೆಯನ್ನು ಕಡ್ಡಾಯ ಮಾಡುವ ಅಧಿಕಾರ ಒಂದು ದೇಶಕ್ಕೆ ಇರುವುದು ತನ್ನ ಕರಾವಳಿ ಸಮುದ್ರದ ಒಳಗೆ ಮಾತ್ರ. ದಡದವರು ಏನೇ ಹೇಳಲಿ, ಚುಕ್ಕಾಣಿ ಎತ್ತ ತಿರುಗಬೇಕು ಅನ್ನುವ ಕೊನೆ ಮಾತು ಕ್ಯಾಪ್ಟನ್‌ದು. 'ಇಷ್ಟು ಡಿಗ್ರಿ ತಿರುಗಿಸಿ' ಅಂತ ಆಪರೇಟರ್ ಹೇಳುವುದಿಲ್ಲ. ಏನು ಆಗಬೇಕು ಅಂತ ಹೇಳುತ್ತಾರೆ. ಹೇಗೆ ಮಾಡಬೇಕು ಅನ್ನುವುದು ಹಡಗಿಗೆ ಬಿಟ್ಟದ್ದು.

ಈಗ ಡೋವರ್. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಅತಿ ಕಿರಿದಾದ ಜಾಗದಲ್ಲಿ ಸುಮಾರು 33 ಕಿಲೋಮೀಟರ್ ಅಗಲ. ಹೋಗುವ ಹಡಗಿಗೊಂದು ದಾರಿ, ಬರುವ ಹಡಗಿಗೊಂದು ದಾರಿ ಅನ್ನುವ ವ್ಯವಸ್ಥೆ ಇಲ್ಲಿ 1967ರಲ್ಲಿ ಶುರುವಾಯಿತು. ಆಗ ಅದು ಕಡ್ಡಾಯ ಆಗಿರಲಿಲ್ಲ. 1971ರ ಜನವರಿಯಲ್ಲಿ ಟೆಕ್ಸಾಕೊ ಕೆರಿಬಿಯನ್ ಅನ್ನುವ ಟ್ಯಾಂಕರ್ ಡಿಕ್ಕಿಯಲ್ಲಿ ಮುಳುಗಿತು. ಮರುದಿನ ಅದರ ಅವಶೇಷಕ್ಕೆ ಬ್ರಾಂಡೆನ್‌ಬರ್ಗ್ ಬಡಿದು ಮುಳುಗಿತು. ಮುಂದಿನ ತಿಂಗಳು ನಿಕಿ ಅನ್ನುವ ಹಡಗು ಅಲ್ಲೇ ಬಡಿಯಿತು, ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ದಡದಿಂದ ನೋಡಿ ಮಾಹಿತಿ ಕೊಡುವ ಕೇಂದ್ರ ಬಂದದ್ದು 1972ರಲ್ಲಿ, ಇಷ್ಟೆಲ್ಲ ಆದ ಮೇಲೆ. ಏಕಮುಖ ದಾರಿಯ ನಿಯಮ ಎಲ್ಲರಿಗೂ ಕಾನೂನಾದದ್ದು 1977ರಲ್ಲಿ.

ಇಲ್ಲಿ 1999ರಿಂದ 300 ಟನ್‌ಗಿಂತ ದೊಡ್ಡ ಹಡಗುಗಳು ವರದಿ ಕೊಡಲೇಬೇಕು. ನೈಋತ್ಯಕ್ಕೆ ಹೋಗುವವರು ಡೋವರ್‌ಗೆ, ಈಶಾನ್ಯಕ್ಕೆ ಹೋಗುವವರು ಫ್ರಾನ್ಸ್ ಕಡೆಯ ಗ್ರೀ ನೇ ಕೇಂದ್ರಕ್ಕೆ. ಆಮೇಲೆ ಗಂಟೆಗೊಮ್ಮೆ ರೇಡಿಯೋ ಚಾನೆಲ್ 11ರಲ್ಲಿ ಪ್ರಸಾರ ಬರುತ್ತದೆ. ಮಂಜು ಬಿದ್ದರೆ ಅರ್ಧ ಗಂಟೆಗೊಮ್ಮೆ. ಯಾವ ಹಡಗು ತಪ್ಪು ದಾರಿಯಲ್ಲಿ ಬರುತ್ತಿದೆ, ಯಾವ ಬೋಯಾದ (ದಾರಿ ತೋರುವ ತೇಲುಗುರುತು) ದೀಪ ಆರಿದೆ, ಯಾವ ಹಡಗಿಗೆ ತಿರುಗುವ ಶಕ್ತಿ ಇಲ್ಲ, ಎಲ್ಲ ಅದರಲ್ಲಿ ಇರುತ್ತದೆ.

ಒಂದು ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ನಮ್ಮದೇ ಹಡಗಿನ ಮುಂಭಾಗದ ಕಂಬ ಕಾಣುತ್ತಿರಲಿಲ್ಲ. ಪ್ರಸಾರ ಬಂತು: ನೈಋತ್ಯದ ದಾರಿಯಲ್ಲಿ ಒಂದು ಹಡಗು ಎದುರು ಬರುತ್ತಿದೆ. ಜಾಗ, ದಿಕ್ಕು, ವೇಗ ಹೇಳಿದರು. ನಾನು ಪೆನ್ಸಿಲ್‌ನಲ್ಲಿ ಬರೆದುಕೊಂಡು ರೇಡಾರ್‌ನಲ್ಲಿ ಹುಡುಕಿದೆ. ಏಳು ಮೈಲಿ ದೂರದಲ್ಲಿ, ನಮ್ಮ ಮೂಗಿನ ನೇರಕ್ಕೆ ಇತ್ತು. ಕ್ಯಾಪ್ಟನ್‌ಗೆ ಫೋನ್ ಮಾಡಿ, ಅವರು ಮೇಲೆ ಬರುವಷ್ಟರಲ್ಲಿ ಬಲಕ್ಕೆ ತಿರುಗಿಸಿಕೊಂಡಿದ್ದೆ. ಅಷ್ಟು ಮುಂಚೆ ಗೊತ್ತಾದ್ದರಿಂದ ಯಾರಿಗೂ ಉಸಿರು ಹಿಡಿಯುವ ಪರಿಸ್ಥಿತಿ ಬರಲಿಲ್ಲ.

ಆದರೆ ಆ ಪ್ರಸಾರ ಎಲ್ಲರಿಗೂ ಹೇಳಿದ್ದು. ಅದನ್ನು ಕೇಳಿ, ಬರೆದು, ನನ್ನ ಹಡಗಿಗೆ ಅದರಿಂದ ಏನಾಗುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಪಾಲು. ಇದು ದೋಷ ಅಲ್ಲ, ಮಾಹಿತಿ ಕೊಡುವ ವ್ಯವಸ್ಥೆಯ ಸ್ವಭಾವವೇ ಹಾಗೆ. ಕೇಳುವ ಕಿವಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಕಿವಿ ಇಲ್ಲದ ಹಡಗನ್ನು ಅದು ಮುಟ್ಟುವುದಿಲ್ಲ. 2002ರ ಡಿಸೆಂಬರ್‌ನಲ್ಲಿ ಸುಮಾರು 2,900 ಕಾರು ಹೊತ್ತ ಟ್ರೈಕಲರ್ ಹಡಗು ಮಂಜಿನಲ್ಲಿ ಡಿಕ್ಕಿಯಾಗಿ ಇದೇ ಕಡಲಿನಲ್ಲಿ ಮುಳುಗಿತು. ಎರಡು ದಿನ ಬಿಟ್ಟು ನಿಕೋಲಾ ಅನ್ನುವ ಹಡಗು ಅದಕ್ಕೆ ಬಡಿಯಿತು. ಹೊಸ ವರ್ಷದ ದಿನ ವಿಕಿ ಅನ್ನುವ ಟ್ಯಾಂಕರ್. ಅವಶೇಷ ಎಲ್ಲಿದೆ ಅಂತ ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. 1971ರ ಕತೆಯೇ ಮತ್ತೊಮ್ಮೆ ನಡೆದಂತೆ ಆಯಿತು, ಅಲ್ವಾ? ಈ ಸಲ ಜೀವ ಹೋಗಲಿಲ್ಲ ಅನ್ನುವುದೇ ಸಮಾಧಾನ.

ಡೋವರ್‌ನ ಇನ್ನೊಂದು ಗುಣ ನನಗೆ ಇಷ್ಟ. ದಾರಿ ತಪ್ಪಿದ ಹಡಗನ್ನು ಗುರುತಿಸಿ, ದಾಖಲೆ ಇಟ್ಟು, ಅದು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶಕ್ಕೆ ತಿಳಿಸುತ್ತಾರೆ. ಬರೆದಿಟ್ಟದ್ದನ್ನು ಯಾರೋ ಓದುತ್ತಾರೆ ಅನ್ನುವ ಅರಿವೇ ಎಷ್ಟೋ ಜನರನ್ನು ಸರಿದಾರಿಯಲ್ಲಿ ಇಡುತ್ತದೆ.

ಸಿಂಗಾಪುರ ಜಲಸಂಧಿಯ ರೀತಿ ಬೇರೆ. ಮಲಕ್ಕಾ ಮತ್ತು ಸಿಂಗಾಪುರ ಜಲಸಂಧಿಗಳಿಗೆ ಸೇರಿ ಸ್ಟ್ರೇಟ್‌ರೆಪ್ ಅನ್ನುವ ಕಡ್ಡಾಯ ವರದಿ ವ್ಯವಸ್ಥೆ 1998ರ ಡಿಸೆಂಬರ್‌ನಿಂದ ಇದೆ. ಒಟ್ಟು ಒಂಬತ್ತು ವಿಭಾಗ. ಪೂರ್ವದಿಂದ ಬಂದರೆ ಚಾನೆಲ್ 10, ಆಮೇಲೆ 14, ಆಮೇಲೆ 73. ಪ್ರತಿ ವಿಭಾಗದಲ್ಲೂ ಹೊಸ ದನಿ. ಇಲ್ಲಿ ಉದ್ದಕ್ಕೆ ಹೋಗುವವರಿಗಿಂತ ಅಡ್ಡ ದಾಟುವವರೇ ತಲೆನೋವು. ಬಂದರಿನಿಂದ ಹೊರಡುವ ಹಡಗು, ತೈಲದ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ), ಅಂಥದ್ದನ್ನು ಎಳೆಯುವ ಟಗ್, ಫೆರಿ. ರಾತ್ರಿ ಅಡ್ಡ ದಾಟುವ ಹಡಗುಗಳು ಮೇಲೊಂದು ಕೆಳಗೊಂದು ಮೂರು ಹಸಿರು ದೀಪ ಹಾಕಬೇಕು ಅನ್ನುವ ಸಲಹೆ ಹುಟ್ಟಿದ್ದೇ ಇದರಿಂದ.

ಇಲ್ಲಿ ನಡೆದ ಒಂದು ರಾತ್ರಿಯನ್ನು ನಾನು ಮರೆಯುವುದಿಲ್ಲ. ಪಶ್ಚಿಮಕ್ಕೆ ಹೋಗುತ್ತಿದ್ದೆವು. ಬಲಗಡೆ ಊರಿನ ದೀಪಗಳು ಗೋಡೆ ಕಟ್ಟಿದಂತೆ. ಆ ಗೋಡೆಯೊಳಗೆ ಹಡಗಿನ ದೀಪ ಯಾವುದು, ಕಟ್ಟಡದ ದೀಪ ಯಾವುದು ಅಂತ ಬೈನಾಕ್ಯುಲರ್ ಹಿಡಿದರೂ ಹೇಳಲಾಗುವುದಿಲ್ಲ. ಚಾನೆಲ್ 14ರಲ್ಲಿ ನಮ್ಮ ಹಡಗಿನ ಹೆಸರು ಕೇಳಿಸಿತು. ಆಮೇಲೆ ಒಂದೇ ಪದ: "ವಾರ್ನಿಂಗ್." ಹಿಂದೆಯೇ ವಿವರ. ಬಲಗಡೆ ಮುಂದೆ, ಎರಡೂವರೆ ಮೈಲಿ, ಬಾರ್ಜ್ ಎಳೆದುಕೊಂಡು ಟಗ್ ಒಂದು ದಕ್ಷಿಣಕ್ಕೆ ದಾಟುತ್ತಿದೆ. ಕೊನೆಗೆ ಒಂದು ಪ್ರಶ್ನೆ: "ವಾಟ್ ಈಸ್ ಯುವರ್ ಇಂಟೆನ್ಷನ್?"

ಟಗ್ ನನಗೆ ರೇಡಾರ್‌ನಲ್ಲಿ ಕಂಡಿತ್ತು. ಬಾರ್ಜ್ ಕಂಡಿರಲಿಲ್ಲ. ಅಂದರೆ ಕಂಡಿತ್ತು, ಆದರೆ ಬೇರೆ ಯಾವುದೋ ಬೋಟು ಅಂದುಕೊಂಡಿದ್ದೆ. ಎರಡು ಚುಕ್ಕೆಗಳ ನಡುವಿನ ಕತ್ತಲಲ್ಲಿ ಉಕ್ಕಿನ ಹಗ್ಗ ಇದೆ ಅನ್ನುವುದು ಆ ಒಂದು ಕರೆಯಿಂದ ಹೊಳೆಯಿತು. ಟಗ್‌ನ ಹಿಂದಿನಿಂದ ಹೋಗೋಣ ಅಂತ ಸುಮ್ನೆ ಬಲಕ್ಕೆ ತಿರುಗಿಸಿದ್ದರೆ ಆ ಹಗ್ಗದ ಮೇಲೆಯೇ ಹೋಗುತ್ತಿದ್ದೆ. ಎಂಜಿನ್ ಮೊದಲೇ ಸ್ಟ್ಯಾಂಡ್‌ಬೈನಲ್ಲಿತ್ತು. ವೇಗ ಇಳಿಸಿ, ಬಾರ್ಜ್‌ನ ಹಿಂದೆ ಹೋಗುತ್ತೇವೆ ಅಂತ ಉತ್ತರ ಕೊಟ್ಟೆ. ಹತ್ತು ನಿಮಿಷದ ಮೇಲೆ ಆ ಬಾರ್ಜ್ ನಮ್ಮ ಎದುರು ಕಪ್ಪಗೆ ಸರಿದು ಹೋಯಿತು. ಅದರ ಮೇಲಿದ್ದ ದೀಪ ಮನೆಯ ಹಜಾರದ ಬಲ್ಬಿಗಿಂತ ಮಂಕಾಗಿತ್ತು.

ಆ ಕರೆಯಲ್ಲಿ ನಾಲ್ಕು ಗುಣ ಇದ್ದವು. ನಮ್ಮ ಹೆಸರು ಹಿಡಿದು ಕರೆದರು. ಇದು ಸುದ್ದಿ ಅಲ್ಲ, ಎಚ್ಚರಿಕೆ ಅಂತ ಮೊದಲ ಪದದಲ್ಲೇ ತಿಳಿಸಿದರು. ನನಗೆ ಕಾಣದಿದ್ದದ್ದನ್ನು ಹೇಳಿದರು. ಆಮೇಲೆ ನಿರ್ಧಾರವನ್ನು ನನ್ನ ಕೈಯಲ್ಲೇ ಬಿಟ್ಟರು. ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ರೇಡಿಯೋ ಮಾತಿಗೆ ನಿಗದಿತ ಪದಗಳನ್ನು ಕೊಟ್ಟಿದೆ: ಮಾಹಿತಿ, ಎಚ್ಚರಿಕೆ, ಸಲಹೆ, ಸೂಚನೆ, ಪ್ರಶ್ನೆ ಹೀಗೆ. ಇಂಗ್ಲಿಷ್ ಅರ್ಧಂಬರ್ಧ ಬರುವ ಇಬ್ಬರ ನಡುವೆ ಈ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಕೇಳಿದವರಿಗೇ ಗೊತ್ತು.

ತೊಂದರೆಯೂ ಇದೆ. ರೇಡಿಯೋ ಬಿಡುವಿಲ್ಲದೆ ಮಾತಾಡುತ್ತಿರುತ್ತದೆ. ಹೆಚ್ಚು ಸಂಚಾರ ಇದ್ದಾಗ ಒಬ್ಬರ ಮೇಲೊಬ್ಬರು ಮಾತಾಡುತ್ತಾರೆ. ಬ್ರಿಡ್ಜ್‌ನಲ್ಲಿ ಕಿವಿಗಾಗಿಯೇ ಒಬ್ಬರು ಬೇಕು. ಇದನ್ನು ತಿಳಿಯದೆ ಒಬ್ಬರೇ ವಾಚ್ ನಿಂತರೆ ಕಣ್ಣು ಕಿಟಕಿ ಬಿಟ್ಟು ರೇಡಿಯೋ ಕಡೆ ಹೋಗುತ್ತದೆ.

ಈ ಮೂರರಲ್ಲಿ ಸೇರದ ಒಂದು ಬಂದರಿನಲ್ಲಿ ನನಗೆ ಕೆಟ್ಟ ಅನುಭವ ಆಗಿದೆ. ಮೀನುಗಾರರ ಬೋಟುಗಳ ನಡುವೆ ಹೋಗುತ್ತಿದ್ದೆವು. ಆಪರೇಟರ್ ಹಿಂದಿನ ಬಂದರು ಯಾವುದು, ಹಡಗಿನಲ್ಲಿ ಜನ ಎಷ್ಟು, ಏಜೆಂಟ್ ಯಾರು ಅಂತ ಒಂದರ ಹಿಂದೆ ಒಂದು ಕೇಳುತ್ತಲೇ ಇದ್ದರು. ಎಲ್ಲವನ್ನೂ ನಾವು ಹಿಂದಿನ ದಿನವೇ ಇಮೇಲ್‌ನಲ್ಲಿ ಕಳಿಸಿದ್ದೆವು. ನಾನು ಕಾಗದ ನೋಡಿ ಉತ್ತರ ಕೊಡುವಾಗ ಒಂದು ಬೋಟು ನಮ್ಮ ಮುಂಭಾಗದ ಕೆಳಗೆ ಮರೆಯಾಯಿತು. ಲುಕ್‌ಔಟ್ ನಿಂತವನು ಕೂಗಿದ. ಸೀಟಿ ಹೊಡೆದು, ತಿರುಗಿಸಿ ಪಾರಾದೆವು. ಆ ಬೋಟಿನಲ್ಲಿ ನಿಂತಿದ್ದ ಹುಡುಗ ನಮ್ಮನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದೆ. ಕಾವಲು ಕಾಯುವ ದನಿಯೇ ನಮ್ಮ ಕಣ್ಣು ಕಟ್ಟಿತ್ತು. ವರದಿ ತುಂಬಿಸುವುದು ಕಾವಲಲ್ಲ. ಸರ್ಕಾರಗಳು ಮೊದಲು ಸರಿಮಾಡಬೇಕಾದದ್ದು ಇದನ್ನೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೂರನೆಯದು ಇಸ್ತಾಂಬುಲ್ ಜಲಸಂಧಿ, ಬಾಸ್ಫರಸ್. ಉದ್ದ ಸುಮಾರು 31 ಕಿಲೋಮೀಟರ್, ಅತಿ ಕಿರಿದಾದ ಕಡೆ ಸುಮಾರು 700 ಮೀಟರ್. ಯೆನಿಕೊಯ್ ಹತ್ತಿರ 80 ಡಿಗ್ರಿ ತಿರುವು. ಜೊತೆಗೆ ಕಪ್ಪು ಸಮುದ್ರದಿಂದ ದಕ್ಷಿಣಕ್ಕೆ ಎಳೆಯುವ ಸೆಳೆತ. 1979ರ ನವೆಂಬರ್‌ನಲ್ಲಿ ಇಂಡಿಪೆಂಡೆಂಟಾ ಟ್ಯಾಂಕರ್ ಇದರ ದಕ್ಷಿಣದ ಬಾಯಲ್ಲಿ ಡಿಕ್ಕಿಯಾಗಿ ಉರಿದು 43 ಜನ ಸತ್ತರು. 1994ರಲ್ಲಿ ಸಂಚಾರ ನಿಯಮ ಬಂತು, 2003ರ ಕೊನೆಯಲ್ಲಿ ವಿಟಿಎಸ್ ಬಂತು.

ಇಲ್ಲಿ ಸುಮ್ಮನೆ ಒಳಗೆ ಹೋಗುವಂತಿಲ್ಲ. ಮೊದಲೇ ಯೋಜನೆ ಕಳಿಸಬೇಕು, ಹತ್ತಿರ ಬಂದಾಗ ಮತ್ತೊಮ್ಮೆ ವರದಿ, ಆಮೇಲೆ ಸರದಿ. ದೊಡ್ಡ ಹಡಗು ಹೋಗುವಾಗ ಎದುರು ದಿಕ್ಕಿನ ಸಂಚಾರ ನಿಲ್ಲಿಸುತ್ತಾರೆ. ಮಂಜು ದಟ್ಟವಾದರೆ ಎರಡೂ ಕಡೆ ಬಂದ್. ಒಂದು ಸಲ ನಾವು ಮಂಜಿಗಾಗಿ ಒಂದಿಡೀ ರಾತ್ರಿ ಲಂಗರು ಹಾಕಿ ಕಾದೆವು. ಕ್ಯಾಪ್ಟನ್ ಬ್ರಿಡ್ಜ್‌ನ ಈ ಕಡೆಯಿಂದ ಆ ಕಡೆ ಓಡಾಡಿದ್ದೇ ಓಡಾಡಿದ್ದು. ಕಂಪನಿಯಿಂದ ಗಂಟೆಗೊಂದು ಸಂದೇಶ. ಮರುದಿನ ಪೈಲಟ್, ಅಂದರೆ ಆ ನೀರನ್ನು ಬಲ್ಲ ಸ್ಥಳೀಯ ಮಾರ್ಗದರ್ಶಿ, ಹಡಗಿಗೆ ಬಂದರು. ಕಾಂಡಿಲ್ಲಿ ತಿರುವಿನಲ್ಲಿ ಅವರು ಚುಕ್ಕಾಣಿಗೆ ಆದೇಶ ಕೊಟ್ಟಾಗ ತಿರುವು ಇನ್ನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸೆಳೆತ ಹಡಗಿನ ಹಿಂಭಾಗವನ್ನು ಹಿಡಿದು ಪಕ್ಕಕ್ಕೆ ದೂಡುವುದು ಕಾಲಡಿಯಲ್ಲೇ ಗೊತ್ತಾಗುತ್ತಿತ್ತು. ದಡದ ಮನೆಗಳ ಕಿಟಕಿ ಪರದೆ ಎಣಿಸುವಷ್ಟು ಹತ್ತಿರ. ಆ ಜಾಗದಲ್ಲಿ ಎದುರಿನಿಂದ ಇನ್ನೊಂದು ದೊಡ್ಡ ಹಡಗು ಬಂದಿದ್ದರೆ ಅಂತ ಯೋಚಿಸಿದಾಗ, ಕಾದ ರಾತ್ರಿಯ ಬಗ್ಗೆ ಇದ್ದ ಬೇಸರ ಎಲ್ಲ ಇಳಿದುಹೋಯಿತು.

ವಿಚಿತ್ರ ಏನೆಂದರೆ ಇಷ್ಟು ಬಿಗಿ ಇರುವ ಕಡೆ, ನಿಲ್ಲದೆ ದಾಟಿ ಹೋಗುವ ಹಡಗಿಗೆ ಪೈಲಟ್ ಕಡ್ಡಾಯ ಅಲ್ಲ. 1936ರ ಮೊಂತ್ರೋ ಒಪ್ಪಂದ ಅದನ್ನು ಹಡಗಿನ ಇಷ್ಟಕ್ಕೆ ಬಿಟ್ಟಿದೆ. ನನ್ನ ಮಾತು ಕೇಳುವುದಾದರೆ ಇಲ್ಲಿ ಪೈಲಟ್ ಇಲ್ಲದೆ ಹೋಗಬಾರದು. ಇನ್ನೊಂದು ಮಾತು: ಸರದಿ ಎಷ್ಟೇ ಚೆನ್ನಾಗಿದ್ದರೂ ಯಂತ್ರ ಕೈಕೊಟ್ಟರೆ ಅದು ಕಾಯುವುದಿಲ್ಲ. 2018ರ ಏಪ್ರಿಲ್‌ನಲ್ಲಿ ವಿಟಾಸ್ಪಿರಿಟ್ ಅನ್ನುವ ಹಡಗು ಹಾಗೆಯೇ ಹಿಡಿತ ತಪ್ಪಿ ದಡದ ಹಳೆಯ ಬಂಗಲೆಗೆ ನುಗ್ಗಿತು.

ಹಾಗಾದರೆ ನನ್ನ ಆಯ್ಕೆ? ಎರಡು ಹಡಗು ಒಟ್ಟಿಗೆ ಹಿಡಿಯದ ನೀರಿನಲ್ಲಿ ಇಸ್ತಾಂಬುಲ್ ರೀತಿಯೇ ಬೇಕು, ಅಲ್ಲಿ ಬಾಗಿಲಲ್ಲೇ ನಿಲ್ಲಿಸುವುದು ಸರಿ. ಅಗಲವಾದ ಕಡೆ ಅಷ್ಟು ಬಿಗಿ ಬೇಡ. ಅಲ್ಲಿ ಡೋವರ್‌ನ ದಾಖಲೆ, ಸಿಂಗಾಪುರದ ಕರೆ ಎರಡೂ ಒಟ್ಟಿಗಿರಲಿ. ಒಂದೇ ಆರಿಸು ಅಂದರೆ ನಾನು ಕರೆಯನ್ನೇ ಆರಿಸುತ್ತೇನೆ. ಏಕೆಂದರೆ ದಡದವರು ಸುಮ್ಮನಾದಾಗ ಏನಾಗುತ್ತದೆ ಅಂತ ಕಂಡಿದ್ದೇವೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಲ್ಲಿ ಕಾಸ್ಕೋ ಬೂಸಾನ್ ಹಡಗಿನ ದಿಕ್ಕಿನ ಬಗ್ಗೆ ವಿಟಿಎಸ್‌ಗೂ ಪೈಲಟ್‌ಗೂ ಲೆಕ್ಕ ತಾಳೆಯಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಹಡಗು ಸೇತುವೆಯ ಕಂಬಕ್ಕೆ ಉಜ್ಜಿ ಎಣ್ಣೆ ಕೊಲ್ಲಿಗೆ ಸೋರಿತು. ಪೈಲಟ್‌ನ ಸಂಕೇತನಾಮ ಹಿಡಿದು ಕರೆಯುವ ಬದಲು ಹಡಗಿನ ಹೆಸರು ಕರೆದರೆ ಬ್ರಿಡ್ಜ್‌ನಲ್ಲಿದ್ದ ಉಳಿದವರ ಕಿವಿಯೂ ನೆಟ್ಟಗಾಗುತ್ತದೆ ಅನ್ನುವ ಮಾತು ತನಿಖೆಯಲ್ಲಿ ಬಂತು. 2018ರ ನವೆಂಬರ್‌ನಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಯುದ್ಧನೌಕೆ ಏಐಎಸ್ (ಹಡಗು ತನ್ನ ಹೆಸರು, ಜಾಗವನ್ನು ತಾನೇ ಪ್ರಸಾರ ಮಾಡುವ ಸಾಧನ) ಸಂಕೇತ ಕಳಿಸದೆ ಹೋಗುತ್ತಿತ್ತು. ಒಳಗೆ ಬರುತ್ತಿದ್ದೇನೆ ಅಂತ ವಿಟಿಎಸ್‌ಗೆ ಹೇಳಿತ್ತು. ಆದರೂ ಪರದೆಯಲ್ಲಿ ಅದರ ಮೇಲೆ ಸರಿಯಾದ ನಿಗಾ ಇರಲಿಲ್ಲ. ಕೊನೆಗೆ ಸೋಲಾ ಟಿಎಸ್ ಟ್ಯಾಂಕರ್‌ಗೆ ಡಿಕ್ಕಿಯಾಯಿತು. ಏಐಎಸ್ ತೋರಿಸುವುದು ಕಳಿಸಿದವರನ್ನು ಮಾತ್ರ. ಕಳಿಸದವರನ್ನು ರೇಡಾರ್ ಮತ್ತು ಕಣ್ಣು ಹುಡುಕಬೇಕು.

ಒಮ್ಮೆ ತರಬೇತಿಯ ಭಾಗವಾಗಿ ನಾನು ಒಂದು ವಿಟಿಎಸ್ ಕೇಂದ್ರದಲ್ಲಿ ಆಪರೇಟರ್ ಒಬ್ಬರ ಹಿಂದೆ ಅರ್ಧ ದಿನ ಕೂತಿದ್ದೆ. ಅವರ ಪರದೆಯಲ್ಲಿ ಪ್ರತಿ ಹಡಗೂ ಒಂದು ತ್ರಿಕೋನ, ಮುಂದೆ ಒಂದು ಗೆರೆ. ಒಂದು ತ್ರಿಕೋನ ಇನ್ನೊಂದರ ದಾರಿಗೆ ಹೋಗುತ್ತಿತ್ತು. ಅವರು ಮೈಕ್ ಹತ್ತಿರ ಕೈ ಇಟ್ಟು ಕಾಯುತ್ತಿದ್ದರು. ಯಾಕೆ ಕರೆಯುತ್ತಿಲ್ಲ ಅಂತ ಕೇಳಿದೆ. "ಈಗಾಗಲೇ ಚುಕ್ಕಾಣಿ ತಿರುಗಿಸಿದ್ದಾರೋ ಏನೋ, ಇಲ್ಲಿ ಕಾಣೋಕೆ ಸ್ವಲ್ಪ ಹೊತ್ತು ಬೇಕು" ಅಂದರು. ದೊಡ್ಡ ಹಡಗು ಚುಕ್ಕಾಣಿಗೆ ಮಣಿಯಲು ಹೊತ್ತು ಹಿಡಿಯುತ್ತದೆ, ಗೆರೆ ಬಾಗಲು ಅದಕ್ಕಿಂತ ಜಾಸ್ತಿ. ನಮ್ಮ ಚುಕ್ಕಾಣಿ, ನಮ್ಮ ದೀಪ, ನಮ್ಮ ಬ್ರಿಡ್ಜ್‌ನಲ್ಲಿ ಯಾರು ಎಚ್ಚರವಾಗಿದ್ದಾರೆ ಅನ್ನುವುದು, ಇದಾವುದೂ ಅವರಿಗೆ ಕಾಣುವುದಿಲ್ಲ.

ಅವತ್ತಿನಿಂದ ನಾನು ಅವರು ಕೇಳುವವರೆಗೆ ಕಾಯುವುದಿಲ್ಲ. ಜಾಗ ಇಕ್ಕಟ್ಟಾದ ಕಡೆ ತಿರುಗಿಸುವ ಮೊದಲೇ ಮೈಕ್ ಹಿಡಿದು ನನ್ನ ಉದ್ದೇಶ ಹೇಳಿಬಿಡುತ್ತೇನೆ. ನನ್ನ ಜೊತೆ ವಾಚ್ ನಿಲ್ಲುವ ಕೆಡೆಟ್‌ಗಳಿಗೂ ಅದನ್ನೇ ಕಲಿಸುತ್ತಿದ್ದೇನೆ.