ಬೆಂಗಳೂರಿನ ಓಡಾಟಕ್ಕೆ ಓಪನ್ ಫೇಸೋ, ಫುಲ್ ಫೇಸೋ?

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಿಸಿಲಿಗೆ ನಿಂತಾಗ ಮುಖ ತೆರೆದಿರುವ ಓಪನ್ ಫೇಸ್ ಹೆಲ್ಮೆಟ್ ಹಿತವೇ: ಗಾಳಿಯಾಡುತ್ತದೆ, ಕನ್ನಡಕ ತೆಗೆಯಬೇಕಿಲ್ಲ. ಆದರೆ ಗದ್ದ, ದವಡೆಗೆ ರಕ್ಷಣೆಯೇ ಇಲ್ಲ. ಮುಂದಿನ ಚಕ್ರ ಗುಂಡಿಗೆ ಇಳಿದು ಮುಗ್ಗರಿಸಿದರೆ ಕಡಿಮೆ ವೇಗದಲ್ಲೂ ಹಲ್ಲು, ದವಡೆ ಮುರಿಯಬಹುದು. ನಮ್ಮ ಆಯ್ಕೆ ಗದ್ದವನ್ನೂ ಮುಚ್ಚುವ ಫುಲ್ ಫೇಸ್, ಮಾರ್ಕೆಟ್‌ವರೆಗಿನ ಓಡಾಟಕ್ಕೂ. ಸೆಖೆಗೆ ಗದ್ದದಲ್ಲೂ ನೆತ್ತಿಯಲ್ಲೂ ಗಾಳಿಕಿಂಡಿ ಇರುವುದನ್ನು, ಒಳಬಟ್ಟೆ ಬಿಚ್ಚಿ ತೊಳೆಯಬಹುದಾದದ್ದನ್ನು ಕೊಳ್ಳಿ. ಮಳೆಯಲ್ಲಿ ವೈಸರ್ (ಮುಖದ ಮುಂದಿನ ಪಾರದರ್ಶಕ ಪರದೆ) ಮಂಜಾದರೆ ಒಂದು ಹಂತದಷ್ಟು ತೆರೆದಿಡಿ. ರಾತ್ರಿಗೆ ಕಪ್ಪು ವೈಸರ್ ಬೇಡವೇ ಬೇಡ.

ಗದ್ದದ ಭಾಗವನ್ನು ಮೇಲೆತ್ತಬಹುದಾದ ಮಾಡ್ಯುಲರ್ ಹೆಲ್ಮೆಟ್ ಸಾಮಾನ್ಯವಾಗಿ ಹೆಚ್ಚು ಭಾರ. ಎತ್ತಿಕೊಂಡೇ ಓಡಿಸಿದರೆ ಅದೂ ಓಪನ್ ಫೇಸೇ.

ಯಾವುದೇ ಇರಲಿ, ಅಳತೆ ತಪ್ಪಿದರೆ ವ್ಯರ್ಥ. ಹುಬ್ಬಿನ ಮೇಲೆ ಟೇಪ್ ಸುತ್ತಿ ಅಳೆದು ಕಂಪನಿಯ ಸೈಜ್ ಪಟ್ಟಿ ನೋಡಿ. ಕೆನ್ನೆ ಒತ್ತಬೇಕು, ಹಣೆ ನೋಯಬಾರದು. ಗದ್ದದ ಕೆಳಗಿನ ಪಟ್ಟಿ ಬಿಗಿದು, ಹೆಲ್ಮೆಟ್ಟನ್ನು ಹಿಂಬದಿಯಿಂದ ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿ. ಕಳಚಿದರೆ ಬೇರೆ ಸೈಜ್ ಕೇಳಿ. ಪಟ್ಟಿ ಬಿಗಿಯದೆ ಪೊಲೀಸರಿಗಾಗಿ ತಲೆಗಿಟ್ಟ ಹೆಲ್ಮೆಟ್ ಬಿದ್ದ ಕ್ಷಣವೇ ಹಾರಿಹೋಗುತ್ತದೆ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಫುಟ್‌ಪಾತ್‌ನಲ್ಲಿ ಸ್ಟಿಕ್ಕರ್ ನಂಬಬೇಡಿ. ಹೆಲ್ಮೆಟ್ ಮಾನದಂಡದ ಸಂಖ್ಯೆಯಾದ ಐಎಸ್ 4151 ಜೊತೆಗಿನ ಲೈಸೆನ್ಸ್ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹುಡುಕಿ. ಒಳಗಿನ ಥರ್ಮೋಕೋಲ್ ಪದರ ಅಪ್ಪಚ್ಚಿಯಾಗಿಯೇ ಪೆಟ್ಟು ನುಂಗುತ್ತದೆ, ಮತ್ತೆ ಉಬ್ಬುವುದಿಲ್ಲ. ಜೋರಾಗಿ ಬಿದ್ದ ಮೇಲೆ ಹೊರಚಿಪ್ಪು ಚೆನ್ನಾಗಿದ್ದರೂ ಬದಲಿಸಿ. ಪೆಟ್ರೋಲ್, ಥಿನ್ನರ್‌ನಿಂದ ಒರೆಸಿದರೂ ಆ ಪದರ ಕರಗುತ್ತದೆ, ಸೋಪುನೀರು ಸಾಕು.